ಬಕೆಟ್ ಮುಂದೆ ಇದ್ದರೆ ಭಾರ ಹಿಂದೆ ಬೇಕು

ಸಣ್ಣ ಟ್ರಾಕ್ಟರಿಗೆ ಲೋಡರ್ ಬಕೆಟ್ ಹಾಕಿಸಿದ ಮೊದಲ ವಾರವೇ ನಾನು ಹೆದರಿದ್ದೆ. ಒದ್ದೆ ಮಣ್ಣು ತುಂಬಿಕೊಂಡು ಸಣ್ಣ ಇಳಿಜಾರಿನಲ್ಲಿ ಬರುತ್ತಿದ್ದೆ, ಹಿಂದೆ ಏನೂ ಕಟ್ಟಿರಲಿಲ್ಲ. ಬ್ರೇಕ್ ತುಳಿದೆ. ಹಿಂದಿನ ಚಕ್ರಗಳು ನಿಂತವು, ಆದರೆ ಟ್ರಾಕ್ಟರ್ ನಿಲ್ಲಲಿಲ್ಲ, ಸುಮ್ನೆ ಜಾರಿಕೊಂಡು ಹೋಯಿತು. ಪುಣ್ಯಕ್ಕೆ ಬಕೆಟ್ ನೆಲದ ಹತ್ತಿರವೇ ಇತ್ತು, ಗಬಕ್ಕನೆ ಇಳಿಸಿದೆ, ಅದು ಮಣ್ಣಿಗೆ ಕಚ್ಚಿ ನಿಂತಿತು.

ಆಮೇಲೆ ಯೋಚಿಸಿದರೆ ವಿಷಯ ಸರಳ. ಇಂಥ ಟ್ರಾಕ್ಟರುಗಳಲ್ಲಿ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ ಮಾತ್ರ. ಬಕೆಟ್ ತುಂಬಿದರೆ ಮುಂದಿನ ಆಕ್ಸೆಲ್ ಮೇಲೆ ಭಾರ ಬಿದ್ದು ಹಿಂಭಾಗ ಏಳುತ್ತದೆ, ಏತದ ಮರದ ಹಾಗೆ. ನೆಲ ಒತ್ತದ ಚಕ್ರಕ್ಕೆ ಬ್ರೇಕ್ ಇದ್ದೇನು ಬಂತು? ಈಗ ಇಳಿಜಾರಿಗೆ ಹೋಗುವ ಮೊದಲೇ ಫೋರ್ ವೀಲ್ ಹಾಕುತ್ತೇನೆ, ಆಗ ಮುಂದಿನ ಚಕ್ರಗಳೂ ಹಿಡಿತ ಕೊಡುತ್ತವೆ. ತುಂಬಿದ ಬಕೆಟ್ ಇಟ್ಟುಕೊಂಡು ಇಳಿಯಬೇಕಾದರೆ ರಿವರ್ಸಿನಲ್ಲಿ, ನಿಧಾನಕ್ಕೆ. ಭಾರ ಯಾವಾಗಲೂ ಮೇಲ್ಬದಿಗೆ ಇರಬೇಕು.

ಹಿಂದಿನ ಲಿಂಕೇಜಿಗೆ, ಅಂದರೆ ನೇಗಿಲಿನಂಥ ಉಪಕರಣ ಸಿಕ್ಕಿಸುವ ಜಾಗಕ್ಕೆ, ಡ್ರಮ್ಮಿನಲ್ಲಿ ಕಾಂಕ್ರೀಟ್ ತುಂಬಿ ಒಂದು ತೂಕ ಮಾಡಿಕೊಂಡೆ. ಎಷ್ಟು ಬೇಕು ಅನ್ನೋದು ಲೋಡರಿನ ಕೈಪಿಡಿಯಲ್ಲೇ ಇರುತ್ತದೆ. ಟೈರಿಗೆ ನೀರು ತುಂಬಿದರೂ ಹಿಡಿತ ಬರುತ್ತದೆ, ಆದರೆ ಲಿಂಕೇಜಿನ ತೂಕ ಹಿಂದಿನ ಆಕ್ಸೆಲ್‌ಗಿಂತಲೂ ಆಚೆ ತೂಗುವುದರಿಂದ ಮುಂದಿನ ಆಕ್ಸೆಲ್ ಮೇಲಿನ ಹೊರೆಯನ್ನೂ ಇಳಿಸುತ್ತದೆ. ತೂಕ ಕಟ್ಟಿದ ದಿನವೇ ಸ್ಟೀರಿಂಗ್ ಹಗುರಾಯಿತು.

ಇನ್ನೊಂದು ತಪ್ಪು, ಬಕೆಟ್ ತುಂಬಿದೆ ಅಂದರೆ ಎಲ್ಲವೂ ಒಂದೇ ಅಂದುಕೊಂಡಿದ್ದು. ಒದ್ದೆ ಮಣ್ಣು ಒಂದು ಘನ ಮೀಟರಿಗೆ 1,500 ಕೆಜಿಗೂ ಜಾಸ್ತಿ ತೂಗುತ್ತದೆ. ಒಣಗಿದ ಗೊಬ್ಬರ ಅದರ ಅರ್ಧವೂ ಇರಲಿಕ್ಕಿಲ್ಲ. ಹಾಗಾಗಿ ಗೊಬ್ಬರ ರಾಶಿಯಾಗಿ, ಮಣ್ಣು ಮುಕ್ಕಾಲು ಬಕೆಟ್.

ತುಂಬುವಾಗ ಬಕೆಟ್ಟಿನ ತಳ ನೆಲಕ್ಕೆ ಸಮ ಇಟ್ಟು, ಲೋ ಗೇರಿನಲ್ಲಿ ರಾಶಿಗೆ ನೇರವಾಗಿ ಹೋಗುತ್ತೇನೆ. ಒಳಗೆ ಹೋದಂತೆ ಬಕೆಟ್ಟಿನ ಬಾಯಿ ಮೇಲಕ್ಕೆ ತಿರುಗಿಸುತ್ತಾ, ಜೊತೆಗೇ ಸ್ವಲ್ಪ ಸ್ವಲ್ಪ ಎತ್ತಬೇಕು. ಓಡಿ ಬಂದು ಗುದ್ದುವುದು ನೋಡಲಿಕ್ಕೆ ಚೆಂದ, ಅಷ್ಟೇ. ಒಂದು ಮೂಲೆಯಿಂದ ತಿವಿದರೆ ತೋಳು ತಿರುಚಿಕೊಳ್ಳುತ್ತದೆ. ಹೈಡ್ರಾಲಿಕ್ ಕಿರುಗುಟ್ಟಿತೋ, ಅದು ಇನ್ನು ಆಗಲ್ಲ ಅಂತ ಹೇಳುತ್ತಿದೆ, ಲಿವರ್ ಬಿಟ್ಟುಬಿಡಿ. ಗಟ್ಟಿ ನೆಲ ಅಗೆಯಲು ಇದನ್ನು ನಾನು ಬಳಸುವುದೇ ಇಲ್ಲ, ಮೊದಲು ಕಲ್ಟಿವೇಟರ್ ಹೊಡೆದು ಸಡಿಲ ಮಾಡಿಕೊಳ್ಳುತ್ತೇನೆ.

ನೆಲ ಸಮ ಮಾಡುವಾಗ ಲಿವರನ್ನು ಫ್ಲೋಟ್ ಅನ್ನೋ ಸ್ಥಾನದಲ್ಲಿ ಇಡುವುದು ಒಳ್ಳೆಯದು, ತೋಳು ನೆಲದ ಏರುತಗ್ಗು ನೋಡಿಕೊಂಡು ತಾನೇ ಏಳುತ್ತದೆ, ಇಳಿಯುತ್ತದೆ. ಆದರೆ ಬಕೆಟ್ ಮೇಲಿದ್ದಾಗ ಫ್ಲೋಟಿಗೆ ಹಾಕಿದರೆ ಧೊಪ್ಪನೆ ಬೀಳುತ್ತದೆ, ಒಂದು ಸಲ ನೋಡಿದ್ದೇನೆ, ಸಾಕು. ಬಾಯಿ ಪೂರ್ತಿ ಕೆಳಗೆ ಮಾಡಿ ಜೋರಾಗಿ ಹಿಂದಕ್ಕೆ ಎಳೆಯಲೂ ಬೇಡಿ, ಸಿಲಿಂಡರಿನ ರಾಡ್ ಬಗ್ಗಿಹೋಗುತ್ತದೆ.

ಕೆಲಸ ಮುಗಿದರೆ ಬಕೆಟ್ ನೆಲಕ್ಕೆ, ಇಂಜಿನ್ ಬಂದ್, ಲಿವರನ್ನು ಆಚೀಚೆ ಆಡಿಸಿ ಒತ್ತಡ ಬಿಟ್ಟು ಇಳಿಯುತ್ತೇನೆ, ಗ್ರೀಸ್ ಗನ್ ಹಿಡಿದು ಪಿನ್ನುಗಳ ಸುತ್ತ ಒಂದು ರೌಂಡ್. ಕಾಂಕ್ರೀಟ್ ಡ್ರಮ್ ಮಾತ್ರ ಬಿಚ್ಚುವುದಿಲ್ಲ, ನಾಳೆ ಸೋಮಾರಿತನಕ್ಕೆ ಕಟ್ಟದೇ ಹೊರಡುವವನು ನಾನೇ ಅಲ್ವಾ.