ಆಮ್ಲಜನಕ ಹಿಡಿಯುವ ಮುನ್ನ ಬಿರಡೆ ನೋಡಿ

ಶಾಲೆಯ ಪ್ರಯೋಗದಲ್ಲಿ ಅನಿಲದ ಲೆಕ್ಕ ತಪ್ಪಿದರೆ ಮೊದಲು ಬಿರಡೆಯನ್ನು ಅನುಮಾನಿಸಿ. ಕಾರ್ಕ್ ಬೇಡವೇ ಬೇಡ, ಅದು ಸೋರುತ್ತದೆ. ಒಂದು ತೂತಿನ ರಬ್ಬರ್ ಬಿರಡೆಯೇ ಇರಲಿ.

100 ಮಿ.ಲೀ. ಕೋನಿಕಲ್ ಫ್ಲಾಸ್ಕಿಗೆ ಒಂದು ಚಿಟಿಕೆ ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿ. ಹೈಡ್ರೋಜನ್ ಪೆರಾಕ್ಸೈಡನ್ನು ಬೇಗ ಒಡೆದು ಆಮ್ಲಜನಕ ಬಿಡಿಸುವ ಕಪ್ಪು ಪುಡಿ ಇದು. ಬಿರಡೆಯ ತೂತಿಗೆ ನಳಿಕೆ ತೂರಿಸಿ. ಪಕ್ಕದಲ್ಲೇ ಸಿರಿಂಜಿನ ಸೂಜಿಯನ್ನು ರಬ್ಬರಿಗೆ ನೇರ ಚುಚ್ಚಿ. ಸೂಜಿಯ ಬಾಯಿಗೆ ರಬ್ಬರ್ ಚೂರು ಸಿಕ್ಕಿಕೊಳ್ಳುವುದುಂಟು, ಗಾಳಿ ತಳ್ಳಿ ನೋಡಿಕೊಳ್ಳಿ.

ಈಗ ಸೋರಿಕೆ ಪರೀಕ್ಷೆ. ಇದನ್ನು ಬಿಟ್ಟವರೇ ಹೆಚ್ಚು. ಸಿರಿಂಜ್ ಸಿಕ್ಕಿಸಿ, ಬಿರಡೆಯನ್ನು ತಿರುಚಿ ಒತ್ತಿ, ನಳಿಕೆಯ ತುದಿಯನ್ನು ನೀರಲ್ಲಿ ಮುಳುಗಿಸಿ. ಫ್ಲಾಸ್ಕನ್ನು ಎರಡೂ ಅಂಗೈಯಲ್ಲಿ ಒಂದು ನಿಮಿಷ ಅಪ್ಪಿ ಹಿಡಿಯಿರಿ. ಒಳಗಿನ ಗಾಳಿ ಬಿಸಿಯಾಗಿ ನಾಲ್ಕಾರು ಗುಳ್ಳೆ ಹೊರಬರಬೇಕು. ಕೈ ತೆಗೆದರೆ ನಳಿಕೆಯಲ್ಲಿ ನೀರು ಮೇಲೇರಿ ಅಲ್ಲೇ ನಿಲ್ಲಬೇಕು. ಜಾರಿ ಇಳಿಯಿತೋ, ಎಲ್ಲೋ ಸೋರುತ್ತಿದೆ. ಬಿರಡೆ ಒದ್ದೆ ಮಾಡಿ ಮತ್ತೆ ಒತ್ತಿ.

ನೀರು ತುಂಬಿದ 100 ಮಿ.ಲೀ. ಅಳತೆ ಜಾಡಿಯನ್ನು ಟಬ್ಬಿನಲ್ಲಿ ಬೋರಲು ಹಾಕಿ, ನಳಿಕೆಯ ತುದಿಯನ್ನು ಅದರ ಬಾಯೊಳಗೆ ಇಡಿ. ಕನ್ನಡಕ ಧರಿಸಿ, ಸಿರಿಂಜಿನಿಂದ 3 ಮಿ.ಲೀ. ಹೈಡ್ರೋಜನ್ ಪೆರಾಕ್ಸೈಡ್ ನಿಧಾನಕ್ಕೆ ಬಿಟ್ಟು, ಸಿರಿಂಜಿನ ಒತ್ತುವ ದಂಡವನ್ನು ಹಿಡಿದೇ ಇರಿ. ಬಿಟ್ಟರೆ ಒತ್ತಡಕ್ಕೆ ಹಿಂದೆ ಬರುತ್ತದೆ. ಮೆಡಿಕಲ್ ಅಂಗಡಿಯ 20 ವಾಲ್ಯೂಮ್ (ತನ್ನ ಗಾತ್ರದ ಸುಮಾರು 20 ಪಟ್ಟು ಆಮ್ಲಜನಕ ಕೊಡುವಂಥದ್ದು), ಅಂದರೆ 6% ಬಾಟಲಿ ಸಾಕು. ತಿಂಗಳುಗಟ್ಟಲೆ ತೆರೆದಿಟ್ಟಿದ್ದು ಬೇಡ, ಅದರ ಕಸುವು ಆಗಲೇ ಹೋಗಿರುತ್ತದೆ.

ಗುಳ್ಳೆ ನಿಂತ ಕೂಡಲೇ ನಳಿಕೆಯ ತುದಿಯನ್ನು ಜಾಡಿಯೊಳಗಿನ ನೀರಿಗಿಂತ ಮೇಲಕ್ಕೆ ತಳ್ಳಿ. ಇಲ್ಲದಿದ್ದರೆ ಫ್ಲಾಸ್ಕ್ ಆರುವಾಗ ನೀರನ್ನು ಎಳೆದುಕೊಳ್ಳುತ್ತದೆ. ಹತ್ತು ನಿಮಿಷ ಬಿಟ್ಟು, ಒಳಹೊರಗಿನ ನೀರು ಒಂದೇ ಮಟ್ಟಕ್ಕೆ ಬರುವಂತೆ ಜಾಡಿಯನ್ನು ಎತ್ತಿಯೋ ಇಳಿಸಿಯೋ ಓದಿ. 10 ಸೆಂ.ಮೀ. ವ್ಯತ್ಯಾಸವಿದ್ದರೆ ಸುಮಾರು 1% ತಪ್ಪು. ಪೆರಾಕ್ಸೈಡ್ ಒಳಬಂದಾಗ ಹೊರತಳ್ಳಿದ 3 ಮಿ.ಲೀ. ಗಾಳಿಯನ್ನೂ ಕಳೆಯಿರಿ. ಕಳೆದ ಮೇಲೆ, 25 ಡಿಗ್ರಿಯಲ್ಲಿ ಮಂಗಳೂರಿನಲ್ಲಿ ಸುಮಾರು 68 ಮಿ.ಲೀ. ಸಿಗಬೇಕು, ಬೆಂಗಳೂರಿನಲ್ಲಿ ಸುಮಾರು 75. ಎತ್ತರದ ಊರಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಅನಿಲ ಹೆಚ್ಚು ಹಿಗ್ಗುತ್ತದೆ. ನೀರಾವಿಯೂ ಇದರಲ್ಲೇ ಸೇರಿದೆ.

ಆಮ್ಲಜನಕದಲ್ಲಿ ಊದುಬತ್ತಿಯ ಕೆಂಡ ಹೊತ್ತಿಕೊಳ್ಳುತ್ತದೆ ಎಂದು ಇದೇ ಜಾಡಿಗೆ ಊದುಬತ್ತಿ ಹಿಡಿದು ‘ಹೊತ್ತಲಿಲ್ಲ’ ಎನ್ನಬೇಡಿ. ಅದರಲ್ಲಿರುವುದು ಬಹುಪಾಲು ಫ್ಲಾಸ್ಕಿನ ಹಳೆಯ ಗಾಳಿ. ಅಳತೆಗೆ ಅದರಿಂದ ತೊಂದರೆಯಿಲ್ಲ, ಒಳಗೆ ಹುಟ್ಟಿದಷ್ಟೇ ಹೊರಗೆ ಬಂದಿರುತ್ತದೆ. ಊದುಬತ್ತಿ ಪರೀಕ್ಷೆಗೆ 10 ಮಿ.ಲೀ. ಪೆರಾಕ್ಸೈಡನ್ನು ಸ್ವಲ್ಪಸ್ವಲ್ಪವೇ ಬಿಟ್ಟು, ಮೊದಲ ಜಾಡಿಯಷ್ಟು ಅನಿಲವನ್ನು ಚೆಲ್ಲಿ, ಆಮೇಲಿನದನ್ನು ಪ್ರನಾಳದಲ್ಲಿ ಹಿಡಿಯಿರಿ. ಕಪ್ಪು ಪುಡಿಯನ್ನು ಮಾತ್ರ ಚೆಲ್ಲಬೇಡಿ; ಸೋಸಿ ಒಣಗಿಸಿದರೆ ಮುಂದಿನ ತಂಡಕ್ಕೂ ಅದೇ ಸಾಕು.