‘ಅಗೆರೆ’ಗೆ ಇಂಗ್ಲಿಷ್ ಅರ್ಥ ಕೂರಿಸುವುದು: ನನ್ನ ಅನುಭವ

ಲ್ಯಾಟಿನ್ ‘ಅಗೆರೆ’ ಧಾತುವಿಗೆ ನಿಘಂಟು ತೆರೆದರೆ ಡ್ರೈವ್, ಲೀಡ್, ಡೂ, ಆಕ್ಟ್, ಸ್ಪೆಂಡ್, ಪ್ಲೀಡ್, ಡಿಸ್ಕಸ್ ಎಂದು ಇಂಗ್ಲಿಷ್ ಅರ್ಥಗಳು ಸಾಲುಗಟ್ಟಿರುತ್ತವೆ. ಆ ಪಟ್ಟಿಯನ್ನು ಬಾಯಿಪಾಠ ಮಾಡುವುದು ದಂಡ. ನಾನು ಮೊದಲು ಹುಡುಕುವುದು ವಾಕ್ಯದ ಕರ್ಮಪದವನ್ನು.

ಪದ ನೆನಪಿಡಲು ಮಾಡಿಕೊಳ್ಳುವ ಕಾರ್ಡಿನ ಮೇಲ್ತುದಿಗೆ ಧಾತುವಿನ ನಾಲ್ಕು ಮುಖ್ಯ ರೂಪ: ಅಗೋ, ಅಗೆರೆ, ಏಗೀ, ಆಕ್ತುಮ್. ಇವನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ‘ಏಗಿತ್’ ಇದರ ಭೂತಕಾಲ; ‘ಎಗೆತ್’ ಬೇರೆಯೇ ಧಾತು, ಅರ್ಥ ‘ನೀಡ್ಸ್’. ದೀರ್ಘದ ಗುರುತಿಲ್ಲದ ರೋಮನ್ ಅಚ್ಚಿನಲ್ಲಿ ಎರಡಕ್ಕೂ ಒಂದೇ ಅಕ್ಷರದ ವ್ಯತ್ಯಾಸ, ಕಣ್ಣು ಜಾರುತ್ತದೆ. ನಮಗೆ ಎ, ಏ ಬೇರೆ ಇರುವುದು ಇಲ್ಲಿ ದೊಡ್ಡ ಅನುಕೂಲ.

ಮೂಲಾರ್ಥ ಹಿಂದಿನಿಂದ ಅಟ್ಟುವುದು. ಸಂಸ್ಕೃತದ ‘ಅಜತಿ’ ಇದರ ದಾಯಾದಿ. ಕನ್ನಡದಲ್ಲಿ ದನ ಹೊಡೆಯುತ್ತೇವೆ, ಗಾಡಿಯನ್ನೂ ಹೊಡೆಯುತ್ತೇವೆ. ‘ಅಗೆರೆ’ ಆ ‘ಹೊಡೆ’. ‘ಪ್ರೈದಮ್ ಅಗೆರೆ’ ಅಂದರೆ ಕೊಳ್ಳೆ ಹೊಡೆದುಕೊಂಡು ಹೋಗುವುದು, ಆ ಕೊಳ್ಳೆಗೆ ಕಾಲಿದೆ, ಅದು ದನ. ನಮ್ಮ ವೀರಗಲ್ಲುಗಳ ತುರುಗೋಳು ನೆನೆದರೆ ಸಾಕು. ‘ಫೆರ್ರೆ ಎತ್ ಅಗೆರೆ’ಯಲ್ಲಿ ಸಾಮಾನು ಹೊರುವುದು, ದನ ಅಟ್ಟುವುದು ಎರಡೂ ಇವೆ, ಇಂಗ್ಲಿಷಿಗೆ ‘ಪ್ಲಂಡರ್’ ಒಂದೇ ಸಾಕು.

ಕರ್ಮ ಬದಲಾದಂತೆ ಅರ್ಥವೂ ಬದಲು. ‘ಗ್ರಾತಿಆಸ್’ (ಕೃತಜ್ಞತೆ) ಇದ್ದರೆ ಥ್ಯಾಂಕ್, ‘ಕೌಸಮ್’ (ಮೊಕದ್ದಮೆ) ಇದ್ದರೆ ಪ್ಲೀಡ್, ‘ವೀತಮ್’ (ಬದುಕು) ಇದ್ದರೆ ಲೀಡ್. ‘ರೀಮಾಸ್’ (ಬಿರುಕುಗಳು) ಬಂದಾಗ ಮಾತ್ರ ಪಟ್ಟಿ ಕೈಕೊಡುತ್ತದೆ. ಕ್ರಿ.ಪೂ. 44ರ ಒಂದು ಪತ್ರದಲ್ಲಿ ರೋಮಿನ ವಾಗ್ಮಿ ಸಿಸೆರೋ, ತನ್ನ ಎರಡು ಅಂಗಡಿ ಕುಸಿದಿವೆ, ಉಳಿದವು ‘ರೀಮಾಸ್ ಅಗುಂತ್’ ಎನ್ನುತ್ತಾನೆ. ‘ಡ್ರೈವಿಂಗ್ ಕ್ರ್ಯಾಕ್ಸ್’ ಎಂದರೆ ನಗೆಪಾಟಲು. ‘ಶೋಯಿಂಗ್ ಕ್ರ್ಯಾಕ್ಸ್’ ಸರಿ. ಕನ್ನಡದಲ್ಲಿ ಬಿರುಕು ಬಿಡುತ್ತವೆ. ‘ರಾದೀಕೇಸ್ ಅಗೆರೆ’ಯೂ ಹಾಗೇ, ಬೇರು ಬಿಡುವುದು.

ವಯಸ್ಸಿನಲ್ಲಿ ತಪ್ಪುವವರು ಬಹಳ. ‘ವೀಕೇಸಿಮುಮ್ ಅನ್ನುಮ್ ಅಗೇನ್ಸ್’ ಎಂದರೆ 20 ನಡೆಯುತ್ತಿದೆ, ತುಂಬಿಲ್ಲ. ಇಂಗ್ಲಿಷಿನಲ್ಲಿ ‘ನೈನ್ಟೀನ್’ ಎಂದೇ ಬರೆಯಬೇಕು.

ಕರ್ಮವೇ ಇಲ್ಲದಿದ್ದರೆ ಪಕ್ಕದ ಪದ ನೋಡುತ್ತೇನೆ: ‘ದೇ’ (ಕುರಿತು) ಇದ್ದರೆ ಡಿಸ್ಕಸ್, ‘ಕುಮ್’ (ಜೊತೆ) ಇದ್ದರೆ ಸಾಮಾನ್ಯವಾಗಿ ನೆಗೋಷಿಯೇಟ್. ‘ಲೀಬೆರ್ತಾಸ್ (ಸ್ವಾತಂತ್ರ್ಯ) ಅಗಿತುರ್’ ಎಂಬಂಥ ಕರ್ಮಣಿ ರೂಪಕ್ಕೆ ‘ಅಟ್ ಸ್ಟೇಕ್’. ‘ಆಕ್ತುಮ್ ಎಸ್ತ್’ ಎಂದರೆ ಕಥೆ ಮುಗಿಯಿತು.

ಉಪಸರ್ಗ ಸೇರಿದರೆ ಸ್ವರವೂ ಕೆಡುತ್ತದೆ: ‘ಅಬ್’ ಸೇರಿ ‘ಅಬಿಗೋ’, ‘ರೆದ್’ ಸೇರಿ ‘ರೆದಿಗೋ’. ‘ಕೊಏಗಿತ್’ ಎಂಬ ಭೂತಕಾಲವೂ ಉಪಸರ್ಗ ಸೇರಿದ ‘ಅಗೆರೆ’ಯೇ, ಅದನ್ನು ನಿಘಂಟಿನಲ್ಲಿ ‘ಕೋಗೋ’ ಕೆಳಗೆ ಹುಡುಕಬೇಕು. ಅಲ್ಲಿಯೂ ಕರ್ಮ ಸೈನ್ಯವಾದರೆ ‘ಗ್ಯಾದರ್ಡ್’; ಮನುಷ್ಯನಾಗಿ ಜೊತೆಗೆ ಇನ್ನೊಂದು ಕ್ರಿಯಾಪದ ಬಂದರೆ ‘ಕಂಪೆಲ್ಡ್’.