ದಿಗ್ಗಜರ ಕೊನೆಯ ಕಾರ್ಡ್‌ಗಳು

ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡ್ ಕೂಡಿಸಲು ಹೊರಟವರೆಲ್ಲ ಮೊದಲು ವಿಚಾರಿಸುವುದು ರೂಕಿ ಕಾರ್ಡ್‌ನ ಬೆಲೆಯನ್ನು. ಆಟಗಾರ ಮೊದಲ ಸಲ ಕಾಣಿಸಿಕೊಂಡ ಕಾರ್ಡ್ ಅದು. ಮಾರುಕಟ್ಟೆಯ ಹಣವೂ ಅದರ ಬೆನ್ನಿಗೇ ಬೀಳುತ್ತದೆ. ವಿಲ್ಲಿ ಮೇಸ್ ಅವರ 1951ರ ಬೌಮನ್ ಕಂಪನಿಯ ಕಾರ್ಡ್ ಮಡಿಕೆ ಬಿದ್ದು ಮಾಸಿದ್ದರೂ ಸಾವಿರಾರು ಡಾಲರ್ ಕೇಳುತ್ತಾರೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಸಂಬಳ ನೆಚ್ಚಿಕೊಂಡು ಬದುಕುವ ನನಗೆ ಆ ಬಾಗಿಲು ಮೊದಲೇ ಮುಚ್ಚಿತ್ತು. ಹಾಗಾಗಿ ನಾನು ಇನ್ನೊಂದು ತುದಿಯನ್ನು ಹಿಡಿದೆ: ಒಬ್ಬ ಆಟಗಾರನಿಗೆ ಒಂದೇ ಕಾರ್ಡ್, ಅದೂ ಆಡುವ ಕಾಲದ ಕಟ್ಟಕಡೆಯದು. ಅದೇ ಮೇಸ್ ಅವರ 1973ರ ಟಾಪ್ಸ್ ಕಾರ್ಡ್ ಸಾಧಾರಣ ಸ್ಥಿತಿಯಲ್ಲಿ ಕುಟುಂಬ ಸಮೇತ ಒಮ್ಮೆ ಹೋಟೆಲಿನಲ್ಲಿ ಉಂಡಷ್ಟು ಖರ್ಚಿನಲ್ಲಿ ಸಿಗುತ್ತದೆ. ವಿಚಿತ್ರವೆಂದರೆ, ಇಪ್ಪತ್ತೆರಡು ವರ್ಷಗಳ ಅಂತರವಿರುವ ಈ ಎರಡು ಕಾರ್ಡ್‌ಗಳ ಕ್ರಮಸಂಖ್ಯೆಯೂ 305.

ಅಗ್ಗ ಎಂಬ ಕಾರಣಕ್ಕೆ ಆರಂಭಿಸಿದೆ, ನಿಜ. ಹಿಡಿದು ನಿಲ್ಲಿಸಿದ್ದು ಮಾತ್ರ ಕಾರ್ಡ್‌ಗಳ ಬೆನ್ನು. ಮುಂಭಾಗದಲ್ಲಿ ಚಿತ್ರ, ಹಿಂಭಾಗದಲ್ಲಿ ಹಿಂದಿನ ವರ್ಷದವರೆಗಿನ ಲೆಕ್ಕ: ಇದು ಟಾಪ್ಸ್ ಕಂಪನಿಯ ಕ್ರಮ. ಚ್ಯೂಯಿಂಗ್ ಗಮ್ ಪೊಟ್ಟಣದೊಳಗೆ ಬರುತ್ತಿದ್ದ ಈ ಕಾರ್ಡ್‌ಗಳು ಆಟದ ಋತು ಮುಗಿಯುವ ಮೊದಲೇ ಅಂಗಡಿ ಸೇರುತ್ತಿದ್ದವು. ಆದ್ದರಿಂದ ಕೊನೆಯ ಕಾರ್ಡ್‌ಗೆ ಕೊನೆಯ ವರ್ಷ ಗೊತ್ತೇ ಇರುವುದಿಲ್ಲ. 1976ರ ಹ್ಯಾಂಕ್ ಆರನ್ ಕಾರ್ಡ್‌ನ ಲೆಕ್ಕ 745 ಹೋಮ್ ರನ್‌ಗಳಿಗೆ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ನಿಲ್ಲುತ್ತದೆ. ಅವರು ಆಟ ಮುಗಿಸಿದ್ದು 755ರಲ್ಲಿ. ಮೇಸ್ ಅವರದು 654, ನಿಜವಾದ ಕೊನೆ 660. ಪಿಚರ್, ಅಂದರೆ ಚೆಂಡೆಸೆಗಾರ, ಸ್ಯಾಂಡಿ ಕೌಫ್ಯಾಕ್ಸ್ ಅವರ 1966ರ ಕಾರ್ಡ್ ಹಿಂದಿನ ವರ್ಷದ 26 ಗೆಲುವು, 382 ಸ್ಟ್ರೈಕ್‌ಔಟ್‌ಗಳನ್ನು (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಹೇಳಿ ಸುಮ್ಮನಾಗುತ್ತದೆ. 1966ರಲ್ಲಿ ಅವರು 27 ಪಂದ್ಯ ಗೆದ್ದು, ಸಂಧಿವಾತ ಹಿಡಿದ ಮೊಣಕೈಯ ಕಾರಣಕ್ಕೆ ಮೂವತ್ತನೆಯ ವಯಸ್ಸಿನಲ್ಲೇ ಆಟ ಬಿಟ್ಟರು. ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ. ಓವಲ್ ಮೈದಾನದ ಕೊನೆಯ ಇನ್ನಿಂಗ್ಸ್‌ನ ಆ ಸೊನ್ನೆಗೆ ಮುಂಚೆ ಅಚ್ಚಾದ ಬ್ರಾಡ್ಮನ್ ಕಾರ್ಡ್ ಒಂದಿದ್ದರೆ ಅದರಲ್ಲಿ ಸರಾಸರಿ 99.94 ಇರುತ್ತಿರಲಿಲ್ಲ, 101.39 ಇರುತ್ತಿತ್ತು.

ಲೆಕ್ಕ ಪೂರ್ತಿಯಾಗಿರುವ ಕಾರ್ಡ್‌ಗಳೂ ಉಂಟು. ಮಿಕಿ ಮ್ಯಾಂಟಲ್ 1969ರ ಮಾರ್ಚ್‌ನಲ್ಲಿ ನಿವೃತ್ತಿ ಹೇಳಿದರು, ಆದರೂ ಆ ವರ್ಷದ 500ನೇ ಸಂಖ್ಯೆಯ ಕಾರ್ಡ್ ಬಂದೇ ಬಂತು. 536 ಹೋಮ್ ರನ್‌ಗಳೂ ಅದರಲ್ಲಿವೆ. ಕೊಳ್ಳುವಾಗ ಹೆಸರಿನ ಬಣ್ಣ ನೋಡಿಕೊಳ್ಳಬೇಕು. ಹಳದಿ ಅಕ್ಷರದ್ದು ಸಾಮಾನ್ಯ, ಬಿಳಿ ಅಕ್ಷರದ್ದು ಅಪರೂಪ, ಬೆಲೆಯಲ್ಲಿ ಅಜಗಜಾಂತರ. ನನ್ನದು ಹಳದಿ.

ಇನ್ನೊಂದು ರಾಬರ್ಟೊ ಕ್ಲೆಮೆಂಟೆ ಅವರ 1973ರ ಕಾರ್ಡ್, ಸಂಖ್ಯೆ 50. ನಮ್ಮ ಊರಿನವರಿಗೆ ಅವರು ಬರೀ ಆಟಗಾರರಲ್ಲ. ಇಲ್ಲಿನ ಪಿಎನ್‌ಸಿ ಪಾರ್ಕ್ ಬೇಸ್‌ಬಾಲ್ ಮೈದಾನದ ಬಲಬದಿಯ ಗೋಡೆಯನ್ನು ಅವರ ಅಂಗಿಯ ಸಂಖ್ಯೆಯ ಗೌರವಕ್ಕೆ 21 ಅಡಿ ಎತ್ತರ ಕಟ್ಟಿದ್ದಾರೆ. 1972ರ ಸೆಪ್ಟೆಂಬರ್ 30ರಂದು ಇದೇ ಊರಿನಲ್ಲಿ ಅವರು ಮೂರು ಸಾವಿರದನೆಯ ಹಿಟ್ (ಹೊಡೆದು ಬೇಸ್ ತಲುಪುವುದು) ಹೊಡೆದರು. ಡಿಸೆಂಬರ್ 31ರಂದು, ಭೂಕಂಪವಾಗಿದ್ದ ನಿಕರಾಗುವಾಕ್ಕೆ ಪರಿಹಾರ ಸಾಮಗ್ರಿ ಹೊತ್ತು ಪೋರ್ಟೊ ರಿಕೊದಿಂದ ಹೊರಟ ವಿಮಾನ ಸಮುದ್ರಕ್ಕೆ ಬಿತ್ತು, ಅವರೂ ಅದರಲ್ಲಿದ್ದರು. ಕೆಲವೇ ತಿಂಗಳಲ್ಲಿ ಬಂದ ಕಾರ್ಡ್‌ನ ಬೆನ್ನಿನಲ್ಲಿ ಹಿಟ್‌ಗಳ ಮೊತ್ತ ಸರಿಯಾಗಿ 3000. ಈ ಒಂದಕ್ಕೆ ಮಾತ್ರ ನಾನು ಚೌಕಾಸಿ ಮಾಡಲಿಲ್ಲ.

ಸ್ಥಿತಿಯ ವಿಚಾರಕ್ಕೆ ಬರುತ್ತೇನೆ. ಪಿಎಸ್‌ಎ, ಎಸ್‌ಜಿಸಿಯಂಥ ಸಂಸ್ಥೆಗಳು ಮೂಲೆ, ಅಂಚು, ಮೇಲ್ಮೈ, ಚಿತ್ರ ನಡುವೆ ಕೂತಿದೆಯೇ ಎಂಬುದನ್ನೆಲ್ಲ ನೋಡಿ ಒಂದರಿಂದ ಹತ್ತರವರೆಗೆ ಗ್ರೇಡ್ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡುತ್ತವೆ. ಏಳರಿಂದ ಎಂಟಕ್ಕೆ ಹೋದರೆ ಬೆಲೆ ಹಾರುತ್ತದೆ, ಕಣ್ಣಿಗೆ ಕಾಣುವ ವ್ಯತ್ಯಾಸ ಕೂದಲೆಳೆಯಷ್ಟು. ನಾನು ಕೊಳ್ಳುವುದು ಎರಡರಿಂದ ನಾಲ್ಕು. ಮೂಲೆ ಸವೆದಿರಲಿ, ಚಿತ್ರ ಓರೆಯಾಗಿರಲಿ, ಪರವಾಗಿಲ್ಲ. ಮುಖದ ಮೇಲೆ ಮಡಿಕೆ ಬಿದ್ದಿದ್ದರೆ ಬೇಡ. ಬೆನ್ನಿನ ಅಂಕಿಗಳು ಅಳಿಸಿದ್ದರೆ ಖಂಡಿತ ಬೇಡ. ಯಾವುದೋ ಹುಡುಗ ಬೆನ್ನಿಗೆ ಪೆನ್ಸಿಲಿನಲ್ಲಿ ಗೀಚಿದ ಕಾರ್ಡ್ ಅಗ್ಗಕ್ಕೆ ಸಿಗುತ್ತದೆ. ಅದನ್ನು ಕಳಂಕ ಎನ್ನುವ ಸಂಗ್ರಾಹಕರ ಜೊತೆ ನನಗೆ ಸಹಮತವಿಲ್ಲ: ಮಕ್ಕಳಿಗೆಂದೇ ಮಾಡಿದ ವಸ್ತು ಮಕ್ಕಳ ಕೈಗೆ ಸಿಕ್ಕಿದ್ದು ತಪ್ಪೇ?

ಗ್ರೇಡ್ ಆಗದ ಕಾರ್ಡನ್ನು ಪ್ರದರ್ಶನ ಮೇಳದ ಮೇಜಿನ ಮೇಲೆ ಕೊಳ್ಳುವಾಗ ಜೇಬಿನಲ್ಲಿ ಹತ್ತು ಪಟ್ಟು ಹಿಗ್ಗಿಸುವ ಮಸೂರ ಇರಬೇಕು. ಹಳೆಯ ಮುದ್ರಣದಲ್ಲಿ ಚಿತ್ರ ಮಾತ್ರ ಬಣ್ಣದ ಚುಕ್ಕೆಗಳಿಂದಾಗಿರುತ್ತದೆ, ಕಪ್ಪು ಅಕ್ಷರ ಒಂದೇ ಸಮನೆ ತುಂಬಿಕೊಂಡಿರುತ್ತದೆ. ಮೂಲ ಕಾರ್ಡಿನ ಫೋಟೊ ತೆಗೆದು ಮಾಡಿದ ನಕಲಿನಲ್ಲಿ ಅಕ್ಷರವೂ ಚುಕ್ಕೆಯಾಗಿ ಒಡೆದಿರುತ್ತದೆ. ಇನ್ನೊಂದು ಮೋಸ, ಸವೆದ ಅಂಚನ್ನು ಕತ್ತರಿಸಿ ಹೊಸದಾಗಿಸುವುದು. ಅದೇ ವರ್ಷದ ಸಾಮಾನ್ಯ ಆಟಗಾರನ ಕಾರ್ಡ್ ಒಂದನ್ನು ಜೊತೆಗೆ ಒಯ್ದು, ಒಂದರ ಮೇಲೊಂದಿಟ್ಟು ನೋಡುತ್ತೇನೆ. ದೊಡ್ಡವರ ಲೋಕವೂ ಇದಕ್ಕೆ ಹೊರತಲ್ಲ. ಪಿಎಸ್‌ಎ ಮೊತ್ತಮೊದಲು ಗ್ರೇಡ್ ಮಾಡಿದ, ಹಳೆಯ ಕಾಲದ ಆಟಗಾರ ಹೋನಸ್ ವ್ಯಾಗ್ನರ್ ಅವರ ಕಾರ್ಡನ್ನು, ಲಕ್ಷಗಟ್ಟಲೆ ಡಾಲರ್‌ಗೆ ಕೈ ಬದಲಾಯಿಸಿದ ಅದೇ ಕಾರ್ಡನ್ನು, ತಾನೇ ಕತ್ತರಿಸಿದ್ದಾಗಿ ಹರಾಜುದಾರ ಬಿಲ್ ಮ್ಯಾಸ್ಟ್ರೋ 2013ರಲ್ಲಿ ಒಪ್ಪಿಕೊಂಡರು.

ಇಡುವ ಕ್ರಮ ಸರಳ: ತೆಳು ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚ, ಬಿಸಿಲು ತಾಗದ ಕಪಾಟು. ಪಿವಿಸಿ ಇರುವ ಹಳೆಯ ಆಲ್ಬಮ್ ಹಾಳೆಗಳು ಮಾತ್ರ ಬೇಡ. ಅಳತೆ ತಿಳಿದಿರಲಿ. 1957ರಿಂದ ಈಚಿನ ಟಾಪ್ಸ್ ಕಾರ್ಡ್‌ಗಳು ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. 1952ರಿಂದ 1956ರವರೆಗಿನವು ಕೊಂಚ ದೊಡ್ಡವು, ಇಂದಿನ ಹೊದಿಕೆಗೆ ತುರುಕಿದರೆ ಮೂಲೆ ಮುರಿಯುತ್ತದೆ. ಜ್ಯಾಕಿ ರಾಬಿನ್ಸನ್ ಅವರ 1956ರ ಕಾರ್ಡ್ ಅಂಥದ್ದು. ಆ ಡಿಸೆಂಬರ್‌ನಲ್ಲಿ ಅವರ ತಂಡ ಬ್ರೂಕ್ಲಿನ್ ಡಾಡ್ಜರ್ಸ್ ಅವರನ್ನು ಬದ್ಧವೈರಿ ಜೈಂಟ್ಸ್ ತಂಡಕ್ಕೆ ಕೊಟ್ಟಿತು. ಅವರು ಹೋಗಲಿಲ್ಲ, ಆಟವನ್ನೇ ಬಿಟ್ಟರು. ಕೊನೆಯ ಕಾರ್ಡ್‌ಗಳೆಲ್ಲ ಅಗ್ಗ ಎಂಬ ನನ್ನ ಸೂತ್ರ ಇಲ್ಲಿ ನಡೆಯಲಿಲ್ಲ. ರಾಬಿನ್ಸನ್ ಅವರ ಯಾವ ಕಾರ್ಡೂ ಅಗ್ಗವಲ್ಲ. ಇದಕ್ಕಾಗಿ ವರ್ಷವಿಡೀ ಬೇರೇನನ್ನೂ ಕೊಳ್ಳದೆ ಕೂತೆ.

ಟೆಡ್ ವಿಲಿಯಮ್ಸ್ ಇನ್ನೂ ಇತ್ಯರ್ಥವಾಗಿಲ್ಲ. ಅವರ ಕೊನೆಯ ಟಾಪ್ಸ್ ಕಾರ್ಡ್ 1958ರದು. ಆಮೇಲೆ ಅವರು ಫ್ಲೀರ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡರು. ಫ್ಲೀರ್ 1960ರಲ್ಲಿ ಹಳೆಯ ದಿಗ್ಗಜರ ಸರಣಿಯೊಂದನ್ನು ತಂದಾಗ, ಆಗಿನ್ನೂ ಆಡುತ್ತಿದ್ದವರು ಅದರಲ್ಲಿ ಇವರೊಬ್ಬರೇ. ನಿವೃತ್ತರ ಸಾಲಿನಲ್ಲಿ ಕೂತ ಕಾರ್ಡನ್ನು ಆಡುವ ಕಾಲದ ಕಾರ್ಡ್ ಎನ್ನಲಾಗದು ಎಂಬುದು ನನ್ನ ಸಂಗ್ರಾಹಕ ಗೆಳೆಯರ ವಾದ. ಆ ಸೆಪ್ಟೆಂಬರ್‌ನಲ್ಲಿ, ತಮ್ಮ ಕಟ್ಟಕಡೆಯ ಸರದಿಯಲ್ಲಿ ಹೋಮ್ ರನ್ ಹೊಡೆದೇ ಮೈದಾನ ಬಿಟ್ಟವರು ನಿವೃತ್ತರು ಹೇಗಾದಾರು ಎಂಬುದು ನನ್ನದು. 1960ರದ್ದನ್ನೇ ಹುಡುಕುತ್ತಿದ್ದೇನೆ, ಗ್ರೇಡ್ ಮೂರಾದರೂ ಸಾಕು.